ಬೆದರಿದ ಕುದುರೆ ಮತ್ತೆ ಬೆನ್ನು ಕೊಡುವ ಬಗೆ

ವರ್ಷಗಟ್ಟಲೆ ಸವಾರನನ್ನು ಹೊತ್ತು ತಿರುಗಿದ ಕುದುರೆ ಒಂದು ದಿನ ಜೀನು ಕಂಡೊಡನೆ ಹಿಂದೆ ಸರಿಯಲು ತೊಡಗುತ್ತದೆ. ಹೊಟ್ಟೆಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಮಡಚಿ ಕಚ್ಚಲು ಬರುತ್ತದೆ. ರಿಕಾಪಿಗೆ ಕಾಲಿಟ್ಟರೆ ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ನೆಗೆಯುತ್ತದೆ, ಇಲ್ಲವೇ ನಿಂತಲ್ಲೇ ಕಲ್ಲಾಗುತ್ತದೆ. ಇಂಥ ಕುದುರೆಯನ್ನು ಸವಾರಿಗೆ ಮರಳಿ ತರುವುದು, ಹೊಸ ಮರಿಗೆ ಸವಾರಿ ಕಲಿಸುವುದಕ್ಕಿಂತ ಬೇರೆಯದೇ ಕೆಲಸ. ಜೀನು ಎಂದರೆ ಏನೆಂದು ಮರಿಗೆ ಗೊತ್ತಿರುವುದಿಲ್ಲ. ಬೆದರಿದ ಕುದುರೆಗೆ ಗೊತ್ತಿರುತ್ತದೆ, ಆದರೆ ಗೊತ್ತಿರುವುದೆಲ್ಲ ಕೆಟ್ಟದ್ದು.

ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿಯ ಸುತ್ತಮುತ್ತ ಬೆದರಿದ ಕುದುರೆಯ ಪ್ರಶ್ನೆ ಬರಿಯ ಪುಸ್ತಕದ್ದಲ್ಲ. ಶಿವಗಂಗೆ ಬೆಟ್ಟದ ಆಚೆ ನೈಋತ್ಯಕ್ಕೆ, ಹೈದರ್–ಟಿಪ್ಪು ಕಾಲದ ಸೇನಾ ಕುದುರೆಗಳ ನೆಲೆಯೆಂದು ಹೆಸರಾದ ಕುಣಿಗಲ್ ಕುದುರೆ ಫಾರಂ ಇದೆ. ಆಗ್ನೇಯಕ್ಕೆ ಬೆಂಗಳೂರಿನ ರೇಸ್‌ಕೋರ್ಸ್. ಪೂರ್ವದಲ್ಲಿ, ದೇವನಹಳ್ಳಿಗೆ ಹೋಗುವ ದಾರಿಯ ಕಡೆ, ಸವಾರಿ ಶಾಲೆಗಳು ಬೆಳೆದಿವೆ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಕುದುರೆ ಸವಾರಿಯಲ್ಲಿ ಎರಡು ಬೆಳ್ಳಿ ಗೆದ್ದ ಫವಾದ್ ಮಿರ್ಜಾ ಬೆಂಗಳೂರಿನವರು. ರೇಸಿಗೆಂದು ಬೆಳೆಸಿದ ಥರೋಬ್ರೆಡ್ ತಳಿಯ ಕುದುರೆ ಎರಡನೆಯ ವರ್ಷಕ್ಕೇ ಜಾಕಿಯನ್ನು ಹೊತ್ತು ಓಡಲು ಕಲಿಯುತ್ತದೆ. ಕಾಲು ಉಳುಕಿಯೋ ವೇಗ ಸಾಲದೆಯೋ ರೇಸ್ ಬಿಟ್ಟ ಮೇಲೆ ಸವಾರಿ ಶಾಲೆಗೋ ತೋಟದ ಮನೆಯ ಲಾಯಕ್ಕೋ ಮದುವೆ ಮೆರವಣಿಗೆಗೋ ಕೈ ಬದಲಾಯಿಸುತ್ತದೆ. ಬೆನ್ನ ಮೇಲೆ ಮನುಷ್ಯ ಕೂತರೆ ಓಡಬೇಕು ಎಂಬುದೊಂದೇ ಅದಕ್ಕೆ ತಿಳಿದ ಪಾಠ. ಅಂಥದ್ದು ಹೊಸ ಊರಿಗೆ ಬಂದು ದಾಬಸ್‌ಪೇಟೆ ಕಡೆಯ ಹೆದ್ದಾರಿಯ ಲಾರಿ ಹಾರ್ನ್, ಕೈಗಾರಿಕಾ ಪ್ರದೇಶದ ಜೆಸಿಬಿ, ಗಾಳಿಗೆ ಪಟಪಟಿಸುವ ಟಾರ್ಪಾಲು, ಊರ ಹಬ್ಬದ ತಮಟೆ, ಮದುವೆ ಮನೆಯ ಡ್ರೋನ್ ಎಲ್ಲವನ್ನೂ ಒಟ್ಟಿಗೆ ಎದುರಿಸಬೇಕಾಗುತ್ತದೆ. ಒಮ್ಮೆ ಬೆಚ್ಚಿ ಸವಾರನನ್ನು ಕೆಡವಿದರೆ ಸಾಕು, ಶಬ್ದ, ಜೀನು, ಬಿದ್ದ ಮನುಷ್ಯ, ಆಮೇಲೆ ಬಿದ್ದ ಏಟು ಎಲ್ಲವೂ ಒಂದೇ ಗಂಟಾಗಿ ಅದರ ನೆನಪಿನಲ್ಲಿ ಕೂರುತ್ತವೆ.

ಬಯಲಿನಲ್ಲಿ ಬಾಳಿ, ಅಪಾಯ ಕಂಡರೆ ಓಡಿ ಉಳಿದುಕೊಂಡ ಪ್ರಾಣಿ ಕುದುರೆ. ತಲೆಯ ಎರಡು ಪಕ್ಕದಲ್ಲಿರುವ ಕಣ್ಣುಗಳಿಂದ ಅದಕ್ಕೆ ಸುಮಾರು 350 ಡಿಗ್ರಿಯಷ್ಟು ಸುತ್ತಲೂ ಕಾಣುತ್ತದೆ. ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಮಾತ್ರ ಕುರುಡು ಜಾಗ. ಸವಾರ ಕೂರುವುದು, ಬೇಟೆಯಾಡುವ ಪ್ರಾಣಿ ಮೇಲೆ ಹಾರಿದರೆ ಬಂದು ಕೂರುವ ಜಾಗದಲ್ಲೇ. ಕುದುರೆ ಮನುಷ್ಯನನ್ನು ಹೊರಲು ಒಪ್ಪುವುದೇ ನಿಜಕ್ಕೂ ಸೋಜಿಗ, ಒಪ್ಪದಿರುವುದರಲ್ಲಿ ಸೋಜಿಗವೇನಿಲ್ಲ. ನೆಮ್ಮದಿಯಾಗಿ ನಿಂತ ಕುದುರೆಯ ಎದೆಬಡಿತ ನಿಮಿಷಕ್ಕೆ 28ರಿಂದ 44. ಬೆಚ್ಚಿದ ಕ್ಷಣದಲ್ಲಿ ಅದು ನೂರನ್ನು ಸಲೀಸಾಗಿ ದಾಟುತ್ತದೆ. ಕತ್ತು ಮೇಲೇರುತ್ತದೆ, ಮೂಗಿನ ಹೊಳ್ಳೆ ಅರಳುತ್ತದೆ, ಬಾಯಿ ಬಿಗಿಯುತ್ತದೆ, ಬಾಲ ಒತ್ತಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಅದು ಓಡುವುದನ್ನು ಬಿಟ್ಟು ಬೇರೇನನ್ನೂ ಕಲಿಯುವುದಿಲ್ಲ.

ಭಯ ಎಂದು ಕಂಡದ್ದೆಲ್ಲ ಭಯವೇ ಆಗಿರಬೇಕಿಲ್ಲ. ತರಬೇತಿಗೆ ಕೈಹಾಕುವ ಮೊದಲು ಪಶುವೈದ್ಯರು ನೋಡಲೇಬೇಕು ಎನ್ನುವುದು ಇಂದು ಎಲ್ಲ ಗಂಭೀರ ತರಬೇತುದಾರರೂ ಒಪ್ಪುವ ಮಾತು, ಲಾಯಗಳಲ್ಲಿ ಅತಿ ಹೆಚ್ಚು ಕಡೆಗಣಿಸಲ್ಪಡುವ ಮಾತೂ ಅದೇ. ಹಲ್ಲಿನ ಚೂಪು ಅಂಚು ಕೆನ್ನೆಯ ಒಳಭಾಗವನ್ನು ಕೊರೆಯುತ್ತಿದ್ದರೆ ಕಡಿವಾಣ ಎಂದರೆ ನೋವು. ಬೆನ್ನುಮೂಳೆಯ ಮುಳ್ಳುಗಳು ಒಂದಕ್ಕೊಂದು ತಾಗುತ್ತಿದ್ದರೆ ಜೀನು ಎಂದರೆ ನೋವು. ಇನ್ನು ಹೊಟ್ಟೆ. ಕುದುರೆಯ ಜಠರದಲ್ಲಿ ಆಮ್ಲ ಹಗಲಿರುಳೂ ಸುರಿಯುತ್ತಲೇ ಇರುತ್ತದೆ, ಏಕೆಂದರೆ ಅದು ದಿನವಿಡೀ ಮೇಯಲು ಹುಟ್ಟಿದ ಪ್ರಾಣಿ. ಹುಲ್ಲು ಕಡಿಮೆ, ಕಾಳು ಹೆಚ್ಚು, ಊಟದ ನಡುವೆ ಬಹುಹೊತ್ತು ಬರಿಹೊಟ್ಟೆ ಎಂಬ ಲಾಯದ ಬಾಳು ಜಠರದಲ್ಲಿ ಹುಣ್ಣು ತರುತ್ತದೆ. ತರಬೇತಿಯಲ್ಲಿರುವ ರೇಸ್ ಕುದುರೆಗಳಲ್ಲಿ ಹತ್ತಕ್ಕೆ ಎಂಟರಷ್ಟಕ್ಕಾದರೂ ಇಂಥ ಹುಣ್ಣು ಇರುವುದನ್ನು ಹಲವು ದೇಶಗಳ ಸಮೀಕ್ಷೆಗಳು ಕಂಡಿವೆ. ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಲು ಬರುವ ಕುದುರೆಗೆ ‘ಹಟಮಾರಿ’ ಎಂಬ ಹೆಸರು ಬೀಳುವುದು ಸುಲಭ, ಹುಣ್ಣಿಗೆ ಔಷಧಿ ಬೀಳುವುದು ತಡ.

ನೋವನ್ನು ಗುರುತಿಸಲು ಬ್ರಿಟನ್ನಿನ ಪಶುವೈದ್ಯೆ ಸ್ಯೂ ಡೈಸನ್ ಮತ್ತು ಸಂಗಡಿಗರು 2018ರಲ್ಲಿ ಒಂದು ಪಟ್ಟಿ ಪ್ರಕಟಿಸಿದರು. ಸವಾರಿಯ ಹೊತ್ತಿನಲ್ಲಿ ಕಾಣಬಹುದಾದ 24 ನಡವಳಿಕೆಗಳು ಅದರಲ್ಲಿವೆ: ಕಿವಿ ಹಿಂದಕ್ಕೆ ಮಡಚಿಯೇ ಇರುವುದು, ಮತ್ತೆ ಮತ್ತೆ ಬಾಯಿ ತೆರೆಯುವುದು, ಬಾಲ ಬೀಸುವುದು, ತಲೆ ಓರೆಮಾಡುವುದು ಇತ್ಯಾದಿ. 8 ಅಥವಾ ಅದಕ್ಕಿಂತ ಹೆಚ್ಚು ಕಂಡರೆ ಮೈಯಲ್ಲಿ ಎಲ್ಲೋ ನೋವಿರುವ ಸಂಭವ ಬಲವಾಗಿದೆ ಎಂದು ಲೆಕ್ಕ. ಇದಕ್ಕೆ ಯಂತ್ರ ಬೇಡ, ಕಾಗದ ಪೆನ್ನು ಹಿಡಿದು ಬೇಲಿಯ ಬಳಿ ಹತ್ತು ನಿಮಿಷ ನಿಂತರೆ ಸಾಕು. ಭಾರದ ಲೆಕ್ಕವೂ ಇಲ್ಲಿ ಸೇರುತ್ತದೆ. ಸವಾರ, ಜೀನು ಸೇರಿ ಕುದುರೆಯ ತೂಕದ ಐದನೆಯ ಒಂದು ಭಾಗ ಮೀರಬಾರದು ಎಂಬುದು ಸಾಮಾನ್ಯ ಮಿತಿ. 450 ಕಿಲೋ ತೂಗುವ ಥರೋಬ್ರೆಡ್‌ಗೆ ಅದು 90 ಕಿಲೋ. ಮದುವೆಗೆ ಬರುವ ಸಣ್ಣ ಕುದುರೆಗೆ ಮಿತಿ ಇನ್ನೂ ಕಡಿಮೆ, ಮದುಮಗನ ಜರತಾರಿ ಉಡುಪು, ಅಲಂಕಾರದ ಜೀನು ಎಲ್ಲವೂ ಅದರೊಳಗೇ ಬರಬೇಕು.

ನೋವು ಕಳೆದರೂ ನೋವಿನ ನೆನಪು ಕಳೆಯುವುದಿಲ್ಲ. ತರಬೇತಿ ಶುರುವಾಗುವುದು ಅಲ್ಲಿಂದ.

ಬೆದರಿದ ಕುದುರೆಯನ್ನು ಬಲವಂತದಿಂದ ಒಗ್ಗಿಸಬೇಕೆ, ಸಮಾಧಾನದಿಂದ ಒಲಿಸಬೇಕೆ ಎಂಬ ವಾದ ಹಳೆಯದು. ಕ್ರಿ.ಪೂ. 4ನೇ ಶತಮಾನದ ಗ್ರೀಕ್ ಸೇನಾನಿ ಕ್ಸೆನೊಫನ್ ಕುದುರೆ ಸವಾರಿಯ ಮೇಲೆ ಬರೆದ ಪುಸ್ತಕದಲ್ಲೇ ಇದಕ್ಕೆ ಉತ್ತರವಿದೆ. ಕುದುರೆ ಯಾವುದಕ್ಕೆ ಅಂಜುತ್ತದೋ ಅದನ್ನು ಸವಾರ ತಾನೇ ಮುಟ್ಟಿ ತೋರಿಸಿ, ಕುದುರೆಯನ್ನು ಮೆಲ್ಲಗೆ ಹತ್ತಿರ ತರಬೇಕು, ಹೊಡೆದರೆ ಅಂಜಿಕೆ ಹೆಚ್ಚುತ್ತದೆ, ನೋವು ಬಂದದ್ದೂ ಆ ವಸ್ತುವಿನಿಂದಲೇ ಎಂದು ಕುದುರೆ ತಿಳಿಯುತ್ತದೆ ಎಂಬುದು ಅವನ ನಿಲುವು. ಕನ್ನಡ ನಾಡಿನಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ಅರಸರ ಕುದುರೆಯಾಟಕ್ಕೇ ಒಂದು ಭಾಗ ಮೀಸಲಿಟ್ಟ. ಅಭಿನವಚಂದ್ರ ಕನ್ನಡದಲ್ಲೇ ‘ಅಶ್ವವೈದ್ಯ’ ಬರೆದ. ಭಾಷೆಯೂ ಒಂದು ಸುಳಿವು ಕೊಡುತ್ತದೆ. ಇಂಗ್ಲಿಷರು ಎಳೆಯ ಕುದುರೆಯನ್ನು ‘ಮುರಿಯುವ’ ಮಾತಾಡುತ್ತಾರೆ, ಕನ್ನಡದಲ್ಲಿ ಕುದುರೆಯನ್ನು ಪಳಗಿಸುತ್ತಾರೆ. ಪಳಗುವುದು ಎಂದರೆ ಬಳಕೆಯಿಂದ ರೂಢಿಯಾಗುವುದು. ಹಾಗೆಂದು ಇಲ್ಲಿನ ಲಾಯಗಳಲ್ಲಿ ಚಾಟಿ ಇರಲಿಲ್ಲ ಎಂದಲ್ಲ. ಪದ ಮೆದುವಾಗಿದ್ದ ಮಾತ್ರಕ್ಕೆ ಕೈಯೂ ಮೆದುವಾಗಿರಬೇಕೆಂದಿಲ್ಲ.

ಬಲವಂತದ ದಾರಿಗೆ ಮನಶ್ಶಾಸ್ತ್ರದಲ್ಲಿ ‘ಮುಳುಗಿಸುವುದು’ ಎಂಬ ಹೆಸರಿದೆ. ಕುದುರೆಯನ್ನು ಕಟ್ಟಿಹಾಕಿ, ಅದು ಹೆದರುವ ವಸ್ತುವನ್ನು ಮೈಮೇಲೆ ಹಾಕಿ, ಒದ್ದಾಡಿ ಸುಸ್ತಾಗುವವರೆಗೆ ಬಿಡದಿರುವುದು. ಹೊರಗಿನಿಂದ ನೋಡಿದರೆ ಇದು ಫಲಿಸಿದಂತೆಯೇ ಕಾಣುತ್ತದೆ: ಕುದುರೆ ತಲೆ ಬಗ್ಗಿಸಿ ನಿಲ್ಲುತ್ತದೆ, ಜೀನು ಹಾಕಿಸಿಕೊಳ್ಳುತ್ತದೆ. ಆದರೆ 1967ರಲ್ಲಿ ಸೆಲಿಗ್‌ಮನ್ ಮತ್ತು ಮೇಯರ್ ನಾಯಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಿದ ಕಲಿತ ಅಸಹಾಯಕತೆ ಇದೇ. ಏನು ಮಾಡಿದರೂ ಬಿಡುಗಡೆಯಿಲ್ಲವೆಂದು ತಿಳಿದ ಪ್ರಾಣಿ ಪ್ರಯತ್ನವನ್ನೇ ಬಿಡುತ್ತದೆ. ಭಯ ಒಳಗೆ ಹಾಗೆಯೇ ಉಳಿದಿರುತ್ತದೆ, ಎಂದೋ ಒಂದು ದಿನ ಸೂಚನೆಯಿಲ್ಲದೆ ಸಿಡಿಯುತ್ತದೆ. ‘ನಿನ್ನೆವರೆಗೆ ಹಸುವಿನಂತಿತ್ತು’ ಎಂದು ಮಾಲೀಕರು ಹೇಳುವ ಕುದುರೆಗಳಲ್ಲಿ ಇಂಥವು ಕಡಿಮೆಯಿಲ್ಲ.

ಎರಡನೆಯ ದಾರಿ ಹಂತಹಂತವಾಗಿ ರೂಢಿಸುವುದು. ಮನುಷ್ಯರ ಭಯಚಿಕಿತ್ಸೆಗಾಗಿ ಜೋಸೆಫ್ ವೋಲ್ಪೆ 1958ರಲ್ಲಿ ಪುಸ್ತಕರೂಪದಲ್ಲಿ ವಿವರಿಸಿದ ವಿಧಾನವಿದು. ಹೆದರಿಸುವ ವಸ್ತುವನ್ನು, ಹೆದರಿಕೆ ಹುಟ್ಟದಷ್ಟು ದೂರದಲ್ಲಿ, ಹುಟ್ಟದಷ್ಟು ಸಣ್ಣದಾಗಿ ಮೊದಲು ತೋರಿಸಿ, ಪ್ರಾಣಿ ಸಡಿಲಾದ ಮೇಲಷ್ಟೇ ಒಂದು ಕೂದಲೆಳೆಯಷ್ಟು ಮುಂದಕ್ಕೆ ಹೋಗುವುದು. ಮೂರನೆಯದು, ಹೆದರಿಸುವ ವಸ್ತುವಿನ ಜೊತೆ ಹಿತವಾದದ್ದನ್ನು, ಸಾಮಾನ್ಯವಾಗಿ ತಿನಿಸನ್ನು, ಜೋಡಿಸುವುದು. ಈ ಎರಡರಲ್ಲಿ ಯಾವುದು ಮೇಲು? ಡೆನ್ಮಾರ್ಕಿನಲ್ಲಿ ಕ್ರಿಸ್ಟೆನ್ಸೆನ್ ಮತ್ತು ಸಂಗಡಿಗರು ಎರಡು ವರ್ಷದ 27 ಗಂಡು ಕುದುರೆಗಳಿಗೆ ಬೀಸುವ ಬಿಳಿ ನೈಲಾನ್ ಚೀಲವನ್ನು ಒಗ್ಗಿಸಿ ನೋಡಿದರು, ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಒಮ್ಮೆಗೇ ಎದುರಿಸಿದವು, ತಿನಿಸಿನ ಜೊತೆ ಎದುರಿಸಿದವು, ಹಂತಹಂತವಾಗಿ ಎದುರಿಸಿದವು ಎಂಬ ಮೂರು ಗುಂಪುಗಳಲ್ಲಿ ಕೊನೆಯದೇ ಗೆದ್ದಿತು. ತಿನಿಸಿಗೆ ಬೆಲೆಯಿಲ್ಲ ಎಂದು ಇದರ ಅರ್ಥವಲ್ಲ. ಹೆಜ್ಜೆ ಸಣ್ಣದಾಗದೆ ಕೇವಲ ಬೆಲ್ಲ, ಕ್ಯಾರೆಟ್ ತಿನ್ನಿಸಿ ಭಯವನ್ನು ಮರೆಸಲಾಗದು ಎಂದಷ್ಟೇ.

ಕರ್ನಾಟಕದಲ್ಲಿ ಎಲ್ಲರ ಕಣ್ಣೆದುರೇ ಪ್ರತಿವರ್ಷ ನಡೆಯುವ ಭಯದ ಪಾಠವೊಂದಿದೆ. ಅದು ಮೈಸೂರು ದಸರೆಯ ಕುಶಾಲತೋಪಿನ ತಾಲೀಮು. ವಿಜಯದಶಮಿಯಂದು ಅಂಬಾರಿಯ ಚಾಮುಂಡೇಶ್ವರಿಗೆ ಮುಖ್ಯಮಂತ್ರಿ ಪುಷ್ಪಾರ್ಚನೆ ಮಾಡುವಾಗ 21 ತೋಪು ಹಾರುತ್ತವೆ. ಏಳು ಫಿರಂಗಿಗಳು, ಮೂರು ಸುತ್ತು. ಸಾವಿರಾರು ಜನರ ನಡುವೆ ಆನೆಯಾಗಲಿ, ಸವಾರನನ್ನು ಹೊತ್ತ ಅಶ್ವದಳದ ಕುದುರೆಯಾಗಲಿ ಆ ಹೊತ್ತಿನಲ್ಲಿ ಬೆದರಿದರೆ ಆಗುವ ಅನಾಹುತ ಊಹಿಸಬಹುದು. ಅದಕ್ಕಾಗಿ ವಾರಗಳ ಮೊದಲೇ ಅರಮನೆ ಆಸುಪಾಸಿನ ಮೈದಾನದಲ್ಲಿ ಆನೆಗಳನ್ನೂ ಕುದುರೆಗಳನ್ನೂ ಸಾಲಾಗಿ ನಿಲ್ಲಿಸಿ ನಿಜವಾದ ಸಿಡಿಮದ್ದಿನಿಂದಲೇ ತೋಪು ಹಾರಿಸುತ್ತಾರೆ. ಸಾಮಾನ್ಯವಾಗಿ ಇಂಥ ತಾಲೀಮು ಕೆಲವು ದಿನಗಳ ಅಂತರದಲ್ಲಿ ಮೂರು ಬಾರಿ. ಹೊಸ ಪ್ರಾಣಿಗಳು ಮೊದಲ ಸಲ ಬೆಚ್ಚುವುದು, ಹಳಬರು ಕಿವಿಯಾಡಿಸಿ ಸುಮ್ಮನಾಗುವುದು ಪ್ರತಿವರ್ಷದ ಪತ್ರಿಕಾ ವರದಿ. ಕುದುರೆಗಳಿಗೆ ಸಿಡಿಮದ್ದಿನ ರೂಢಿ ಈ ಊರಿಗೆ ಹೊಸದಲ್ಲ. ಮೊದಲ ಮಹಾಯುದ್ಧದಲ್ಲಿ ಮೈಸೂರಿನ ಅಶ್ವಸೇನೆ ಮೈಸೂರು ಲ್ಯಾನ್ಸರ್ಸ್‌ನ ಕುದುರೆಗಳು 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಮೆಷಿನ್‌ಗನ್ನುಗಳ ಎದುರು ನುಗ್ಗಿದ್ದವು.

ಈ ತಾಲೀಮಿನಲ್ಲಿ ಕಲಿಯಬೇಕಾದದ್ದೂ ಇದೆ, ಬಿಡಬೇಕಾದದ್ದೂ ಇದೆ. ಬೆದರದ ಹಳಬರ ಪಕ್ಕದಲ್ಲಿ ಹೊಸಬರನ್ನು ನಿಲ್ಲಿಸುವುದು ಸರಿಯಾದ ಕ್ರಮ. ಶಾಂತ ಸಂಗಾತಿಯಿದ್ದರೆ ಎಳೆಯ ಕುದುರೆಯ ಭಯ ಕಡಿಮೆಯಾಗುತ್ತದೆಂದು ಕ್ರಿಸ್ಟೆನ್ಸೆನ್ ತಂಡವೇ 2008ರಲ್ಲಿ ಮತ್ತೊಂದು ಪ್ರಯೋಗದಲ್ಲಿ ಕಂಡಿದೆ. ಪಾಠಗಳ ನಡುವೆ ದಿನಗಳ ಬಿಡುವು ಇರುವುದೂ ಒಳ್ಳೆಯದೇ. ಆದರೆ ತೋಪಿನ ಶಬ್ದವನ್ನು ಸಣ್ಣದು ಮಾಡಲು ಬರುವುದಿಲ್ಲ, ಹಬ್ಬದ ದಿನಾಂಕವನ್ನು ಮುಂದೂಡಲೂ ಬರುವುದಿಲ್ಲ. ಈಗಾಗಲೇ ಗಾಯಗೊಂಡ ಮನಸ್ಸಿನ ಒಂಟಿ ಕುದುರೆಗೆ ಈ ಎರಡೂ ಆಗಿಬರುವುದಿಲ್ಲ. ಅದಕ್ಕೆ ಶಬ್ದವನ್ನು ಮೊಬೈಲಿನ ಧ್ವನಿಮುದ್ರಿಕೆಯಲ್ಲಿ ಕೇಳಿಸಿಯೂ ಕೇಳಿಸದಷ್ಟು ಕಡಿಮೆ ಇಟ್ಟು, ಹುಲ್ಲು ತಿನ್ನುತ್ತಿರುವಾಗ ಶುರುಮಾಡಬೇಕು. ಹುಲ್ಲು ಜಗಿಯುವುದು ನಿಂತರೆ ಶಬ್ದ ಹೆಚ್ಚಾಯಿತೆಂದು ಅರ್ಥ.

ಸವಾರಿಗೆ ಮರಳಿಸುವ ಕೆಲಸ ನೆಲದ ಮೇಲೆ ಆರಂಭವಾಗುತ್ತದೆ, ಜೀನಿನ ಹತ್ತಿರವೂ ಸುಳಿಯದೆ. ತಲೆಹಗ್ಗ ಹಿಡಿದು ನಡೆಸಿದಾಗ ಕುದುರೆ ಬರಬೇಕು, ನಿಲ್ಲಿಸಿದಾಗ ನಿಲ್ಲಬೇಕು, ಹಗ್ಗ ಹಿಂದಕ್ಕೆ ಒತ್ತಿದಾಗ ಎರಡು ಹೆಜ್ಜೆ ಹಿಂದೆ ಸರಿಯಬೇಕು. ಇದೇನು ಮಹಾ ಎನ್ನಿಸಬಹುದು. ಆದರೆ ನಿಲ್ಲುವ ಪಾಠ ನೆಲದ ಮೇಲೆ ಗಟ್ಟಿಯಾಗದ ಕುದುರೆ ಬೆನ್ನ ಮೇಲೆ ಮನುಷ್ಯನಿರುವಾಗ ನಿಲ್ಲುವುದಿಲ್ಲ. ಇಲ್ಲಿ ದುಡಿಯುವುದು ಒತ್ತಡ ಮತ್ತು ಬಿಡುವಿನ ನಿಯಮ. ಹಗ್ಗದ ಮೆಲುವಾದ ಒತ್ತಡಕ್ಕೆ ಕುದುರೆ ಸರಿಯಾದ ಕಡೆ ವಾಲಿದ ಆ ಕ್ಷಣವೇ ಒತ್ತಡ ಸಡಿಲಬೇಕು. ಕಲಿಸುವುದು ಎಳೆತವಲ್ಲ, ಬಿಡುವು. ಎರಡು ಸೆಕೆಂಡು ತಡವಾಗಿ ಬಿಟ್ಟರೆ ಕುದುರೆ ಬೇರೇನನ್ನೋ ಕಲಿತಿರುತ್ತದೆ.

ಆಮೇಲೆ ಮೈಮುಟ್ಟುವ ಹಂತ. ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಕೆರೆದು ಸ್ನೇಹ ಬೆಳೆಸುವ ಜಾಗ ಕತ್ತಿನ ಬುಡದ ಹೆಗಲ ದಿಬ್ಬ. ಅಲ್ಲಿ ಕೆರೆದರೆ ಎದೆಬಡಿತ ಇಳಿಯುತ್ತದೆಂದು 1993ರಲ್ಲೇ ಫ್ರಾನ್ಸಿನಲ್ಲಿ ಅಳೆದು ತೋರಿಸಿದ್ದಾರೆ. ಕತ್ತನ್ನು ತಟ್ಟುವುದಕ್ಕಿಂತ ದಿಬ್ಬವನ್ನು ಕೆರೆಯುವುದು ಮೇಲು. ಕೈಯ ನಂತರ ಮಡಚಿದ ಗೋಣಿ ಅಥವಾ ಕಂಬಳಿ, ಅದರ ನಂತರ ಜೀನಿನ ಕೆಳಗಿನ ಮೆತ್ತೆ, ಆಮೇಲೆ ರಿಕಾಪು ಬಿಚ್ಚಿದ ಹಗುರ ಜೀನು. ಪ್ರತಿಯೊಂದನ್ನೂ ಎಡದಿಂದಲೂ ಬಲದಿಂದಲೂ ತೋರಿಸಬೇಕು, ಎಡಗಡೆ ಒಪ್ಪಿದ್ದನ್ನು ಬಲಗಡೆ ಹೊಸದೆಂಬಂತೆ ಕಂಡು ಬೆಚ್ಚುವ ಕುದುರೆಗಳು ಸಾಮಾನ್ಯ. ವಸ್ತು ಮೈಗೆ ತಾಗಿದಾಗ ಕುದುರೆ ಅಲುಗಿದರೆ ಅದನ್ನು ಕಿತ್ತುಕೊಳ್ಳದೆ, ಹೆಚ್ಚಿಸದೆ ಹಾಗೆಯೇ ಹಿಡಿದು, ಅಲುಗುವುದು ನಿಂತೊಡನೆ ತೆಗೆಯಬೇಕು. ಅಲುಗಿದಾಗಲೇ ತೆಗೆದರೆ ಅಲುಗಿದರೆ ಹೋಗುತ್ತದೆ ಎಂಬ ಪಾಠವಾಗುತ್ತದೆ. ಆದರೆ ಕುದುರೆ ಕಿತ್ತುಕೊಂಡು ಓಡುವಷ್ಟು ಹೆದರಿದ್ದರೆ ತಪ್ಪು ಕುದುರೆಯದಲ್ಲ, ಹಂತ ಎರಡು ಮೆಟ್ಟಿಲು ಹಾರಿಬಿಟ್ಟಿದೆ. ಹೊಟ್ಟೆಪಟ್ಟಿ ಹೆಚ್ಚು ಕುದುರೆಗಳು ಕೆಡುವ ಜಾಗ. ಒಂದೇ ಸಲ ಬಿಗಿಯದೆ, ಒಂದು ತೂತು ಬಿಗಿದು ಹತ್ತು ಹೆಜ್ಜೆ ನಡೆಸಿ, ಇನ್ನೊಂದು ತೂತು ಬಿಗಿಯುವ ತಾಳ್ಮೆ ಅಲ್ಲಿ ಬೇಕು.

ಜೀನು ಹೊತ್ತು ನಿರಾಳವಾಗಿ ನಡೆಯುವ ಕುದುರೆಗೆ ಮೇಲಿನ ಜಾಗದ ಪರಿಚಯ ಮಾಡಿಸುವುದು ಮುಂದಿನ ಕೆಲಸ. ಹತ್ತುವ ಮೆಟ್ಟಿಲಿನ ಮೇಲೆ ಮನುಷ್ಯ ಸುಮ್ಮನೆ ನಿಲ್ಲುತ್ತಾನೆ, ಕುದುರೆ ಪಕ್ಕದಲ್ಲಿ ನಿಂತು ತನ್ನ ಕಣ್ಣಿಗಿಂತ ಎತ್ತರದಲ್ಲಿ ಮನುಷ್ಯನಿರುವುದಕ್ಕೆ ಒಗ್ಗುತ್ತದೆ. ಎಷ್ಟೋ ಬಾರಿ ಭಯ ಭಾರದ್ದಲ್ಲ, ಆ ಎತ್ತರದ ನೆರಳಿನದು. ಅಲ್ಲಿಂದ ಜೀನಿನ ಮೇಲೆ ಕೈಯೂರುವುದು, ಆಮೇಲೆ ಹೊಟ್ಟೆಯನ್ನು ಜೀನಿಗೆ ಆನಿಸಿ ಅರ್ಧ ಭಾರ ಬಿಡುವುದು, ಎರಡು ಉಸಿರಿನಷ್ಟು ಹೊತ್ತು ಇದ್ದು ಇಳಿಯುವುದು. ತಲೆಹಗ್ಗ ಹಿಡಿದ ಸೈಸ್ ಈ ಹೊತ್ತಿನಲ್ಲಿ ಸವಾರನಿಗಿಂತ ಮುಖ್ಯ ವ್ಯಕ್ತಿ, ಕಾರಣ ದಿನವೂ ಮೇವು ಹಾಕಿ ಮೈ ತಿಕ್ಕುವವನ ದನಿಯನ್ನು ಕುದುರೆ ಬಲ್ಲದು. ಕಾಲು ಆಚೆ ದಾಟಿಸಿ ಪೂರ್ತಿ ಕೂತ ಮೊದಲ ದಿನ ಒಂದು ಹೆಜ್ಜೆಯನ್ನೂ ಕೇಳಬೇಕಿಲ್ಲ. ಹತ್ತುವಾಗ ಕುದುರೆ ಸರಿದರೆ ಹತ್ತುವುದನ್ನು ಬಿಡಬೇಕು. ಹಾಗೆ ಬಿಟ್ಟರೆ ಕುದುರೆ ಗೆದ್ದಂತಾಗುತ್ತದೆ ಎನ್ನುವ ಹಳೆಯ ಸವಾರರಿದ್ದಾರೆ. ಗೆಲುವು ಸೋಲಿನ ಲೆಕ್ಕ ಮನುಷ್ಯನ ತಲೆಯಲ್ಲಿರುವುದೇ ಹೊರತು ಕುದುರೆಯ ತಲೆಯಲ್ಲಿಲ್ಲ. ಬೇಡ ಎಂದದ್ದನ್ನು ಕೇಳಿಸಿಕೊಂಡವರ ಬಳಿ ನೆಗೆಯುವ ಅಗತ್ಯ ಕುದುರೆಗೆ ಬೀಳುವುದಿಲ್ಲ.

ಮೇಲೆ ಕೂತವನ ಭಯವೂ ಲೆಕ್ಕಕ್ಕೆ ಬರುತ್ತದೆ. ಸ್ವೀಡನ್ನಿನಲ್ಲಿ ಕೀಲಿಂಗ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗ ಸೊಗಸಾಗಿದೆ. ಕುದುರೆಯನ್ನು ನಡೆಸುವವರಿಗೂ ಸವಾರರಿಗೂ ನಾಲ್ಕನೆಯ ಸುತ್ತಿನಲ್ಲಿ ಪಕ್ಕದಲ್ಲಿ ಕೊಡೆ ಬಿಚ್ಚುತ್ತೇವೆ ಎಂದು ಹೇಳಿ, ಬಿಚ್ಚದೆಯೇ ಬಿಟ್ಟರು. ಮನುಷ್ಯರ ಎದೆಬಡಿತ ಏರಿತು, ಜೊತೆಗೆ ಕುದುರೆಗಳದೂ ಏರಿತು. ಬಿದ್ದು ಪೆಟ್ಟು ತಿಂದ ಸವಾರನೇ ಮರಳಿ ಮೊದಲಿಗನಾಗಿ ಹತ್ತಬೇಕು ಎಂಬ ಹಟ ಆದ್ದರಿಂದ ಬೇಡ. ಹಗುರ ಮೈಯ, ಉಸಿರು ಸಡಿಲವಿರುವ ಬೇರೊಬ್ಬರು ಕೆಲವು ವಾರ ಕೂತು, ಆಮೇಲೆ ಒಡೆಯ ಹತ್ತುವುದು ಇಬ್ಬರಿಗೂ ಸುಖ.

ನಡಿಗೆ ನೆಲೆಯಾದ ಮೇಲೆ ದುಡುಕಿ ಓಟ (ಟ್ರಾಟ್), ಅದು ನೆಲೆಯಾದ ಮೇಲೆ ಬೇಲಿಯ ಹೊರಗೆ. ರೇಸ್ ಬಿಟ್ಟ ಕುದುರೆಗೆ ಕೊನೆಯದು ಕಷ್ಟ, ಅಗಲವಾದ ನೇರ ದಾರಿ ಕಂಡರೆ ನಾಗಾಲೋಟಕ್ಕೆ ಮೈ ಅಣಿಯಾಗುತ್ತದೆ. ಸೋಂಪುರದ ಕಡೆ ಹೆದ್ದಾರಿಯ ಪಕ್ಕದ ದಾರಿಗಿಂತ ಹೊಲದ ಬದುಗಳೂ ಕೆರೆ ಏರಿಯ ತಿರುವು ದಾರಿಗಳೂ ಮೊದಲ ತಿಂಗಳುಗಳಿಗೆ ಹೊಂದುತ್ತವೆ. ಮುಂದೆ ಒಂದು ಹಿರಿಯ ಕುದುರೆ ನಡೆದರೆ ಅರ್ಧ ಭಾರ ಇಳಿದಂತೆ. ಮೇವನ್ನೂ ಇದರ ಜೊತೆ ತೂಗಿಸಬೇಕು. ದಿನಕ್ಕೆ ಮೈತೂಕದ ನೂರಕ್ಕೆ ಒಂದೂವರೆಯಿಂದ ಎರಡರಷ್ಟು ಒಣಮೇವು, ಅದರಲ್ಲಿ ಹೆಚ್ಚಿನ ಪಾಲು ಹುಲ್ಲೇ ಇರಬೇಕು. ರೇಸಿನ ಕಾಲದ ಹುರುಳಿ, ಓಟ್ಸ್ ಹಾಗೆಯೇ ಮುಂದುವರಿಸಿ, ದಿನಕ್ಕೆ 23 ಗಂಟೆ ಲಾಯದಲ್ಲಿ ಕಟ್ಟಿ, ಉಳಿದ ಒಂದು ಗಂಟೆ ಶಾಂತವಾಗಿರು ಎಂದರೆ ಯಾವ ಕುದುರೆಯೂ ಇರಲಾರದು. ಬಯಲಿನಲ್ಲಿ ಜೊತೆಗಾರರೊಂದಿಗೆ ತಿರುಗಾಡಲು ಬಿಟ್ಟ ಕುದುರೆಯ ಪಾಠ ಬೇಗ ಹತ್ತುತ್ತದೆ.

ಮತ್ತಿನ ಔಷಧಿಯನ್ನು ಕೊಟ್ಟು ಹತ್ತುವ ಅಡ್ಡದಾರಿಯೂ ಬಳಕೆಯಲ್ಲಿದೆ. ಲಾಳ ಕಟ್ಟುವಾಗ, ಪಟಾಕಿಯ ರಾತ್ರಿ, ಗಾಯಕ್ಕೆ ಹೊಲಿಗೆ ಹಾಕುವಾಗ ಪಶುವೈದ್ಯರ ಕೈಯಲ್ಲಿ ಅದು ಉಪಕಾರಿ. ಸವಾರಿ ಕಲಿಸಲು ಮಾತ್ರ ಅಲ್ಲ. ಮತ್ತಿನಲ್ಲಿ ಕಲಿತದ್ದು ಅಮಲು ಇಳಿದ ಮೇಲೆ ಪೂರ್ತಿ ಉಳಿಯುವುದಿಲ್ಲ, ತೂರಾಡುವ ಕುದುರೆ ಸವಾರನ ಮೇಲೆ ಬೀಳುವ ಅಪಾಯವೂ ಇದೆ.

ಎಷ್ಟು ಕಾಲ ಬೇಕು ಎಂಬುದಕ್ಕೆ ಪಂಚಾಂಗದಲ್ಲಿ ಉತ್ತರವಿಲ್ಲ. ಕೆಲವು ಕುದುರೆಗಳು ಹುಣ್ಣು ವಾಸಿಯಾಗಿ ಜೀನು ಬದಲಾದ ಹದಿನೈದು ದಿನದಲ್ಲಿ ಸರಿಹೋಗುತ್ತವೆ, ಕೆಲವಕ್ಕೆ ವರ್ಷವೂ ಸಾಲದು. ವಾಸಿಯಾದದ್ದೂ ಅಳಿಸಿದ ಹಲಗೆಯಂತಲ್ಲ. ಹಳೆಯ ಭಯದ ಮೇಲೆ ಹೊಸ ಕಲಿಕೆ ಒಂದು ಪದರವಾಗಿ ಕೂತಿರುತ್ತದೆ, ಬಹಳ ದಿನ ಬಿಡುವು ಬಿದ್ದರೆ, ಜಾಗ ಬದಲಾದರೆ, ಹಳೆಯ ಶಬ್ದವೇ ಮತ್ತೆ ಕೇಳಿದರೆ ಕೆಳಗಿನದು ಮೇಲೆ ಬರುತ್ತದೆ. ಆಗ ಶಿಕ್ಷೆಯ ಮಾತು ಬಾರದು, ಎರಡು ಹಂತ ಹಿಂದಕ್ಕೆ ಹೋಗಿ ಅಲ್ಲಿಂದ ಬರಬೇಕು. ಎರಡನೆಯ ಸಲ ದಾರಿ ಚಿಕ್ಕದಿರುತ್ತದೆ. ಮತ್ತೆ ಮತ್ತೆ ಹೀಗಾದರೆ ಮೊದಲು ಮಾಡಬೇಕಾದದ್ದು ವೈದ್ಯರನ್ನು ಮರಳಿ ಕರೆಸುವುದು. ಬೆನ್ನುಮೂಳೆ ಕೆಟ್ಟ, ಕೀಲು ಸವೆದ ಕುದುರೆಯ ಬೆನ್ನೇರುವುದನ್ನು ಬಿಟ್ಟು, ಬೇರೆ ಕುದುರೆಗಳಿಗೆ ಜೊತೆಗಾರನಾಗಿ ಮೇಯಲು ಬಿಡುವುದೂ ಒಂದು ತೀರ್ಮಾನವೇ. ಕುದುರೆ ಕೈ ಬದಲಾಗುವ ದಿನ ಲಸಿಕೆಯ ಚೀಟಿಯ ಜೊತೆ ಇನ್ನೊಂದು ಹಾಳೆ ಹೋಗಬೇಕು: ಯಾವುದಕ್ಕೆ ಬೆಚ್ಚುತ್ತದೆ, ಹೊಟ್ಟೆಪಟ್ಟಿ ಎಷ್ಟು ಸಲಕ್ಕೆ ಬಿಗಿಯಬೇಕು, ಯಾವ ಪಕ್ಕದಿಂದ ಹತ್ತಬೇಕು, ಹೆಗಲ ದಿಬ್ಬದಲ್ಲಿ ಎಲ್ಲಿ ಕೆರೆದರೆ ತಲೆ ತಗ್ಗಿಸುತ್ತದೆ.